ಆಯಿಗೆ ಹೆಣೆದ ಶಿವದಾರ

ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ಮರಳುವ ಹೆಂಗಸನ್ನು ಸಿಂಧನೂರಿನ ಆಟೋದವರು ಚೆನ್ನಾಗಿ ಬಲ್ಲರು. ಒಬ್ಬನಂತೂ ನನ್ನನ್ನು ಇಳಿಸಿದ ಮೇಲೆ ಗಾಡಿ ಆರಿಸುವುದೇ ಇಲ್ಲ. ‘ಒಮ್ಮೆ ಹೋಗಿ ನೋಡೇ ಬರೂಣೇನ್ರಿ ಮೇಡಂ?’ ಎಂದು ತಾನೇ ಕೇಳುತ್ತಾನೆ. ನನ್ನ ಹೆಸರು ಶಾಂತಾ. ಹೆಸರಿಟ್ಟವರನ್ನು ದೂರುವಂತಿಲ್ಲ, ತೊಟ್ಟಿಲಲ್ಲಿ ನಾನು ಹಾಗೆ ಕಾಣುತ್ತಿದ್ದೆನಂತೆ. ಲಿಂಗಸುಗೂರಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ಉತ್ತರಪತ್ರಿಕೆಗಳ ಕಟ್ಟಿಗೆ ಮೂರು ಗಂಟು ಹಾಕಿ, ನಾಲ್ಕನೆಯದನ್ನು ಹಾಕಲೋ ಬೇಡವೋ ಎಂದು ನಿಂತುಬಿಡುತ್ತೇನೆ. ಮೊನ್ನೆ ಊಟದ ಬಿಡುವಿನಲ್ಲಿ ಹೊಸದಾಗಿ ಬಂದ ಟೀಚರೊಬ್ಬಳು ಫೋನಿನಲ್ಲಿ ವಿಡಿಯೋ ನೋಡುತ್ತ ಕ್ರೋಶಾ ಕಡ್ಡಿಯಿಂದ ಅಕ್ಕನ ಕೂಸಿಗೆ ಟೊಪ್ಪಿಗೆ ಹೆಣೆಯುತ್ತಿದ್ದಳು. ಕಡ್ಡಿಯ ಕೊಕ್ಕೆ ದಾರವನ್ನು ಕಚ್ಚುವುದು, ಕುಣಿಕೆಯೊಳಗಿಂದ ಎಳೆದು ತರುವುದು, ಮತ್ತೆ ಕಚ್ಚುವುದು. ನೋಡುತ್ತ ನೋಡುತ್ತ ನನ್ನ ಅಂಗೈಗಳು ಬೆವೆತವು. ‘ಕೊನೀಗಿ ಗಂಟು ಹಾಕಾಕ ಬರತೈತೇನವಾ ನಿನಗ?’ ಎಂದು ಕೇಳಿಯೇಬಿಟ್ಟೆ. ಆಕೆ ನಕ್ಕಳು. ‘ಅದು ವಿಡಿಯೋದ ಕೊನೀಗಿ ಬರತೈತ್ರಿ ಮೇಡಂ.’ ಹೌದು, ಅದು ಎಲ್ಲರಿಗೂ ಕೊನೆಗೇ ಬರುವುದು. ನನಗೆ ಮಾತ್ರ ಕೊನೆ ದಾಟಿ ವಾರವಾದ ಮೇಲೆ ಬಂತು.

ನಾನು ಚಿಕ್ಕವಳಿದ್ದಾಗ ಸಿಂಧನೂರಿನಲ್ಲಿ ನಮ್ಮದು ಪೇಟೆಯ ಹಿಂದಿನ ಓಣಿಯಲ್ಲಿ ಮಣ್ಣಿನ ಮಾಳಿಗೆಯ ಮನೆ. ಬೀದಿಗೆ ಬಾಗಿಲಿದ್ದ ಒಂದು ಖೋಲಿ, ಅದರ ಪಕ್ಕದ ಹಾದಿಯಿಂದ ಒಳಗೆ ಬಂದರೆ ಪಡಸಾಲೆ, ಆಚೆ ಹಗಲಲ್ಲೂ ಕತ್ತಲು ಕೂತಿರುತ್ತಿದ್ದ ನಡುಮನೆ, ಅದರ ಬಲಕ್ಕೆ ದೇವರ ಕೋಣೆ, ಎಡಕ್ಕೆ ಅಡುಗೆಮನೆ, ಹಿತ್ತಲಲ್ಲಿ ಬಚ್ಚಲು. ಅಪ್ಪನಿಗೆ ಗೊಬ್ಬರ, ಬೀಜದ ಅಂಗಡಿ. ಅವನು ಮನೆಗೆ ಬಂದರೆ ಯೂರಿಯಾದ ವಾಸನೆ ಅವನಿಗಿಂತ ಒಂದು ಹೆಜ್ಜೆ ಮುಂದೆ ಹೊಸ್ತಿಲು ದಾಟುತ್ತಿತ್ತು. ಕಾಲುವೆ ನೀರು ಹರಿದ ಮೇಲೆ ಸುತ್ತಲಿನ ಹೊಲಗಳೆಲ್ಲ ಗದ್ದೆಯಾಗಿದ್ದವು, ನಮ್ಮ ಅಡುಗೆಮನೆಯೂ ಆ ಕಡೆಗೇ ವಾಲಿತ್ತು. ಅನ್ನ ಬಸಿದು, ಸಾರು ಕುದಿಸಿ ಕೈ ತೊಳೆದುಕೊಳ್ಳುವುದು ಅವ್ವನಿಗೆ ಹಗುರ. ಆದರೆ ಆಯಿ, ಎಂದರೆ ಅಪ್ಪನ ತಾಯಿ, ಮಸ್ಕಿ ಕಡೆಯ ಜೋಳದ ಸೀಮೆಯವಳು. ಅನ್ನ ಎಂದರೆ ಆಕೆಗೆ ಜ್ವರ ಬಂದವರ ಊಟ. ನಡುಮನೆಯ ಮೂಲೆಯಲ್ಲಿ ಸಗಣಿ ಸಾರಿಸಿದ, ಗುಮ್ಮಿ ಎಂಬ ಬಿದಿರಿನ ಕಣಜದಲ್ಲಿ ಆಕೆಗೆಂದೇ ತವರಿನಿಂದ ಬಂದ ಜೋಳ. ದಿನಾ ಆಕೆಯೇ ಮುಚ್ಚಳ ತೆಗೆದು, ಬಗ್ಗಿ, ಸೇರಿನಿಂದ ಮೊಗೆದು ಕೊಡಬೇಕು. ಬೇರೆಯವರು ಕೈ ಹಾಕುವಂತಿಲ್ಲ. ಮನೆಮಂದಿಯೆಲ್ಲ ಉಣ್ಣುವ ಅನ್ನಕ್ಕಿಂತ ಆಕೆಯ ಎರಡು ರೊಟ್ಟಿಗಳ ಸದ್ದೇ ಹೆಚ್ಚು.

‘ಅನ್ನ ಉಂಡ್ರ ಹೊಟ್ಟಿ ತುಂಬತೈತಿ, ಮೈ ತುಂಬಂಗಿಲ್ಲ,’ ಎಂದು ಆಯಿ ಶುರು ಮಾಡುವಳು.

‘ತುಂಬಿದ ಮೈಯವ್ರು ಒಂದಿನ ರೊಟ್ಟಿ ಬಡದು ನೋಡ್ರಿ ಅತ್ತಿ, ಇಳೀತೈತಿ,’ ಎಂದು ಅವ್ವ ಒಲೆಯ ಕಡೆಗೆ ಮುಖ ಮಾಡಿ ಹೇಳುವಳು. ಒಲೆಗೆ ಹೇಳಿದ ಮಾತು ಅತ್ತೆಗೆ ಹೇಳಿದ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ನಮ್ಮ ಮನೆಯ ಒಪ್ಪಂದ.

ಇಷ್ಟಾದರೂ ಆಯಿಯ ಬದುಕು ನಿಂತಿದ್ದದ್ದು ರೊಟ್ಟಿಯ ಮೇಲಲ್ಲ, ಒಂದು ದಾರದ ಮೇಲೆ. ಆಕೆಯ ಕೊರಳಲ್ಲಿ ಶಿವದಾರ. ಶಿವದಾರಕ್ಕೆ ಬೆಳ್ಳಿಯ ಕರಡಿಗೆ. ಮುಚ್ಚಿದ ಆ ಪುಟ್ಟ ಕರಡಿಗೆಯೊಳಗೆ ಅರಿವೆಯಲ್ಲಿ ಸುತ್ತಿದ ಇಷ್ಟಲಿಂಗ. ಬೆಳಿಗ್ಗೆ, ಸಂಜೆ ಮೈತೊಳೆದು ದೇವರ ಕೋಣೆಯಲ್ಲಿ ಕೂತು, ಎಡ ಅಂಗೈಯ ಮೇಲೆ ಲಿಂಗವಿಟ್ಟು, ವಿಭೂತಿ ಹಚ್ಚಿ, ಒಂದು ಪತ್ರಿಯ ಎಲೆ ಏರಿಸಿ, ಅದರೊಡನೆ ತುಟಿ ಅಲುಗಿಸುತ್ತ ಏನೋ ಮಾತಾಡುವಳು. ಅಷ್ಟಾಗುವ ತನಕ ಒಂದು ಗುಟುಕು ನೀರೂ ಇಲ್ಲ. ‘ಗಂಡ ಬಂದ, ಹೋದ. ಹಲ್ಲು ಬಂದ್ವು, ಹೋದ್ವು. ಇದೊಂದು ಹುಟ್ಟಿದಾಗಿಂದ ಮೈಮ್ಯಾಲೆ ಐತಿ,’ ಎನ್ನುವಳು. ಲಿಂಗ ಮೈಯಿಂದ ಬೇರೆಯಾದರೆ ಉಣ್ಣಬಾರದು; ಸಿಗದೇ ಹೋದರೆ ಬದುಕಬಾರದು ಎಂಬ ಹಿಂದಿನವರ ಮಾತನ್ನು ಆಕೆ ಬೇರೆಯವರು ಹವಾಮಾನದ ಮಾತಾಡುವಷ್ಟು ಸಹಜವಾಗಿ ಆಡುತ್ತಿದ್ದಳು. ಎಲ್ಲರ ಮನೆಯ ಅಜ್ಜಿಯರೂ ಕಥೆ ಹೇಳಿ ಮಲಗಿಸುತ್ತಾರೆ. ನಮ್ಮ ಆಯಿ ಇದನ್ನು ಹೇಳಿ ಮಲಗುತ್ತಿದ್ದಳು. ನಾನು ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಿದ್ದೆ.

ಆ ಮನೆಯಲ್ಲಿ ನನ್ನ ಕೈಗಳಿಗೆ ಒಳ್ಳೆಯ ಹೆಸರಿರಲಿಲ್ಲ. ಹಾಲಿನ ತಂಬಿಗೆ ಕೊಟ್ಟರೆ ಹಾಲು ನೆಲಕ್ಕೆ, ಕಂದೀಲು ಕೊಟ್ಟರೆ ಗಾಜು ಚೂರು. ಬೀಳಿಸಿಬಿಡುತ್ತೇನೇನೋ ಎಂದು ಹೆದರಿ ಬಿಗಿಯಾಗಿ ಹಿಡಿಯುತ್ತಿದ್ದೆ, ಬಿಗಿಹಿಡಿದದ್ದಕ್ಕೇ ಅದು ಜಾರುತ್ತಿತ್ತು. ‘ಈಕಿ ಅಂಗೈಗಿ ಬೆಣ್ಣಿ ಹಚ್ಚಿ ಕಳಿಸ್ಯಾನಬೇ ದೇವ್ರು,’ ಎಂದು ಆಯಿ ಬಂದವರ ಮುಂದೆಲ್ಲ ಹೇಳುವಳು. ಐದನೆಯ ತರಗತಿಯ ಹುಡುಗಿಗೆ ಅದು ಗೆಜ್ಜೆ ಕಟ್ಟಿದಂತೆ ಹಿಂಬಾಲಿಸುವ ಮಾತು. ಆಯಿಯೇ ಬಾಯಿ ಮುಚ್ಚಿಕೊಳ್ಳುವಂಥದ್ದೇನಾದರೂ ಈ ಕೈಯಿಂದ ಮಾಡಿ ಆಕೆಗೇ ಕೊಡಬೇಕು ಎಂಬ ಆಸೆ ನನಗೆ ಹತ್ತಿದ್ದು ಹೀಗೆ. ಪ್ರೀತಿಯಿಂದ ಎಂದು ಬರೆದರೆ ಈ ಅಧ್ಯಾಯ ಚೆಂದವಾಗುತ್ತಿತ್ತು. ಅರ್ಧ ಪ್ರೀತಿ, ಅರ್ಧ ಸೇಡು.

ಬೀದಿಬದಿಯ ಖೋಲಿಯಲ್ಲಿ ಬಾಡಿಗೆಗೆ ಇದ್ದವಳು ಸೀತಮ್ಮ. ಗೋದಾವರಿ ಕಡೆಯಿಂದ ಬಂದು ಗೊರೇಬಾಳದ ಹತ್ತಿರದ ವಲಸಿಗರ ಕ್ಯಾಂಪಿನಲ್ಲಿ ನೆಲೆ ನಿಂತ ತೆಲುಗರ ಮಗಳು. ಗಂಡ ಅಕ್ಕಿ ಗಿರಣಿಯಲ್ಲಿ ಮಿಸ್ತ್ರಿ. ಖೋಲಿ ಕೊಡುವಾಗಲೇ ಅಪ್ಪ ಮೀನು, ಮೊಟ್ಟೆ ಬೇಯಿಸಕೂಡದೆಂದು ಮಾತು ತೆಗೆದುಕೊಂಡಿದ್ದ. ಪಡಸಾಲೆ ದಾಟಿ ಒಳಗೆ ಬರಕೂಡದು ಎಂಬುದನ್ನು ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ, ಆಕೆ ತಾನೇ ಅರ್ಥ ಮಾಡಿಕೊಂಡಿದ್ದಳು. ಮಧ್ಯಾಹ್ನವೆಲ್ಲ ಬಾಗಿಲ ಬಳಿ ಕೂತು ಕ್ರೋಶಾ ಕಡ್ಡಿಯಿಂದ ಬಿಳಿ ದಾರದ ಬಲೆಯಂಥ ಹೂವುಗಳನ್ನು ಹೆಣೆಯುವಳು. ಅವಳ ಊರ ಕಡೆ ಅದು ಮನೆಮನೆಯ ಹೆಂಗಸರ ಕಸುಬಂತೆ. ನಾನು ಶಾಲೆಯಿಂದ ಬಂದವಳು ಚೀಲ ಸಮೇತ ಅಲ್ಲೇ ಕುಕ್ಕರುಗಾಲಲ್ಲಿ ಕೂರುತ್ತಿದ್ದೆ. ಒಂದು ದಿನ ಆಕೆಯೇ ಕಡ್ಡಿಯನ್ನು ನನ್ನ ಕೈಗಿಟ್ಟಳು.

‘ಇಷ್ಟು ಬಿಗಿ ಯಾಕೆ ಅಮ್ಮಾಯಿ? ದಾರ ಎಲ್ಲಿಗಿ ಓಡಿಪೋತೈತಿ?’ ಎಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ‘ಸಡಲ್ ಬಿಡು. ಕುಣಿಕೆಗೆ ಗಾಳಿ ಆಡಬೇಕು. ಇಲ್ಲಾಂದ್ರೆ ಕಡ್ಡಿ ಒಳಗೆ ಹೆಂಗ ಬರತೈತಿ?’

ಮೊದಲು ಬರೀ ಸರಪಳಿ. ಒಂದು ಕುಣಿಕೆ, ಅದರೊಳಗಿಂದ ಇನ್ನೊಂದು, ಅದರೊಳಗಿಂದ ಮತ್ತೊಂದು. ಅದು ಕೈಗೆ ಹತ್ತಿದ ಮೇಲೆ ಹೊಸದೊಂದು ತೋರಿಸಿದಳು: ಒಂದೊಂದು ಕುಣಿಕೆ ಎಳೆದಾಗಲೂ ಹೆಣಿಗೆಯನ್ನು ಹೊರಳಿಸಿ ಅದರ ಬೆನ್ನಿನೊಳಕ್ಕೆ ಕಡ್ಡಿ ಚುಚ್ಚಬೇಕು. ಹೊರಳಿಸು, ಚುಚ್ಚು, ಎಳೆ. ಚಪ್ಪಟೆ ಸರಪಳಿ ಹೋಗಿ ದುಂಡನೆಯ ಹುರಿಯಾಗುತ್ತದೆ, ಹಾವಿನ ಬೆನ್ನಿನಂತೆ ನವಿರಾಗಿ. ನನಗೆ ಎಡಬಲ ತಪ್ಪಿ ಎಷ್ಟೋ ದಿನ ಅದು ಹಾವಾಗದೆ ಎರೆಹುಳವಾಗುತ್ತಿತ್ತು. ಸಂಜೆಯಾಗುತ್ತಲೇ ಸೀತಮ್ಮ ಕೈ ಚಾಚುವಳು, ‘ಇನ್ನು ಎಳಿ.’ ನಾನು ತುದಿ ಹಿಡಿದು ಎಳೆದರೆ ದಿನವಿಡೀ ಹೆಣೆದದ್ದು ಸರ್ರನೆ ಬಿಚ್ಚಿ ದಾರವಾಗಿ ಉಂಡೆ ಸೇರುತ್ತಿತ್ತು. ಕಲಿಯುವವರಿಗೆ ಹೊಸ ದಾರ ಯಾಕೆ, ಒಂದೇ ಉಂಡೆ ಸಾಕು ಎಂಬುದು ಆಕೆಯ ಲೆಕ್ಕ. ಬಿಚ್ಚುವುದರಲ್ಲಿ ಹೆಣೆಯುವುದಕ್ಕಿಂತ ಹೆಚ್ಚು ಸುಖವಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಹೀಗಾಗಿ ಎರಡು ತಿಂಗಳು ಕಲಿತರೂ ಶುರು ಮಾಡುವುದು ಬಂತು, ಮುಂದುವರಿಸುವುದು ಬಂತು, ಬಿಚ್ಚುವುದಂತೂ ಬಹಳ ಚೆನ್ನಾಗಿ ಬಂತು. ಮುಗಿಸುವುದೊಂದನ್ನು ಕಲಿಯುವ ಪ್ರಸಂಗವೇ ಬರಲಿಲ್ಲ.

ಆಯಿಯ ಶಿವದಾರ ಆ ಹೊತ್ತಿಗೆ ಎಳೆ ಎದ್ದು ಜೂಲಾಗಿತ್ತು. ವರ್ಷಕ್ಕೊಮ್ಮೆ ಲಿಂಗಸುಗೂರಿನಿಂದ ಬರುವ ನನ್ನ ಸೋದರತ್ತೆ ಹೊಸದು ತರುತ್ತಿದ್ದಳು. ಅದರ ಗಂಟುಗಳು ಕೊರಳಿಗೆ ಚುಚ್ಚುತ್ತವೆಂದು ಆಯಿ ವರ್ಷವಿಡೀ ಗೊಣಗುತ್ತಿದ್ದಳು. ಗಂಟೇ ಇಲ್ಲದ ಶಿವದಾರ ನಾನೇ ಹೆಣೆದುಕೊಟ್ಟರೆ! ಹೇಳಿದಾಗ ಸೀತಮ್ಮ ಟ್ರಂಕಿನಿಂದ ಹೊಸ ಬಿಳಿ ದಾರದ ಉಂಡೆ ತೆಗೆದುಕೊಟ್ಟಳು. ‘ಮಾಡು. ಆದ್ರೆ ಒಂದು ಮಾತು. ಕೊನೆಗೆ ಒಂದು ಮುಡಿ ಹಾಕಬೇಕು. ಪೂರ್ತಿ ಆದ ಮೇಲೆ ನನ್ನ ಹತ್ರ ತಗೊಂಡ್ ಬಾ, ಹೇಳಿಕೊಡ್ತೀನಿ. ಮುಡಿ ಹಾಕದೆ ಯಾರಿಗೂ ಕೊಡಬ್ಯಾಡ ಅಮ್ಮಾಯಿ, ತಿಳೀತಾ?’ ತಿಳಿಯಿತು ಎಂದೆ. ಮುಡಿ ಎಂದರೆ ಅವರ ಮಾತಿನಲ್ಲಿ ಗಂಟು ಎಂಬುದೂ ತಿಳಿದಿತ್ತು. ತಿಳಿಯಲಿಲ್ಲ ಎಂದು ಹೇಳಿಕೊಳ್ಳುವ ಅವಕಾಶವನ್ನೂ ಆಕೆ ನನಗೆ ಉಳಿಸಲಿಲ್ಲ.

ಪಡಸಾಲೆಯ ಕಂಬಕ್ಕೊರಗಿ ಒಂದು ವಾರ ಹೆಣೆದೆ. ಮುಗಿಯುತ್ತ ಬಂದಾಗ ಆಯಿ ಬಂದು ನಿಂತು, ಹುರಿಯನ್ನು ಬೆರಳುಗಳ ನಡುವೆ ಹೊಸೆದು ನೋಡಿದಳು.

‘ಯಾರ ಕಡಿಂದ ಮಾಡಸಾಕತ್ತೀಯಬೇ ಇದನ್ನ?’

‘ನಾನ ಮಾಡಾಕತ್ತೀನಿ ಆಯಿ. ನಿನಗ. ಶಿವದಾರ.’

ಆಯಿಯ ಮುಖ ಬಿರಿದು, ಆಮೇಲೆ ತುಸು ಮುಚ್ಚಿತು. ‘ಬ್ಯಾರೇದವ್ರ ಕೈ ಹತ್ತಿಲ್ಲ ಹೌದಿಲ್ಲೋ? ಲಿಂಗ ಹೊರೂ ದಾರ, ಲಿಂಗ ಇಲ್ಲದವ್ರು ಮುಟ್ಟಬಾರದು.’

‘ಇಲ್ಲ ಆಯಿ. ಯಾರೂ ಮುಟ್ಟಿಲ್ಲ.’

ದಾರದ ಉಂಡೆ ಸೀತಮ್ಮನ ಟ್ರಂಕಿನದು. ಮೊದಲ ನಾಲ್ಕು ಕುಣಿಕೆ ಎಬ್ಬಿಸಿಕೊಟ್ಟವಳೂ ಅವಳೇ. ಇನ್ನು ಮುಡಿ ಹಾಕಿಸಲು ಒಯ್ದರೆ ಸುಳ್ಳು ಇನ್ನಷ್ಟು ದಪ್ಪವಾಗುತ್ತದಲ್ಲ ಎಂದು ನನಗೆ ಚಿಂತೆ ಹತ್ತಿತು. ಒಯ್ಯದಿದ್ದರೆ ಇನ್ನು ಮುಂದಿನದಾದರೂ ನಿಜವಾಗುತ್ತದೆ! ಅರ್ಧ ಸುಳ್ಳನ್ನು ಅಲ್ಲಿಗೇ ನಿಲ್ಲಿಸಿ ಪುಣ್ಯ ಕಟ್ಟಿಕೊಳ್ಳುವ ಈ ಲೆಕ್ಕಾಚಾರವನ್ನು ನಾನು ಆಮೇಲೆ ಜೀವನದಲ್ಲಿ ಬಹಳ ಸಲ ಮಾಡಿದ್ದೇನೆ, ಒಮ್ಮೆಯೂ ಸರಿಹೋಗಿಲ್ಲ. ಮಾರನೆಯ ಬೆಳಿಗ್ಗೆ ಪೂಜೆ ಮುಗಿಸಿದ ಆಯಿ ಕರಡಿಗೆಯನ್ನು ಅಂಗೈಯಲ್ಲಿ ಹಿಡಿದು ಕೂತಳು. ನಾನು ಹುರಿಯನ್ನು ಅದರ ಎರಡೂ ಕಡೆಯ ಕೊಂಡಿಗಳೊಳಗಿಂದ ದಾಟಿಸಿ, ಎರಡು ತುದಿ ಕೂಡಿಸಿ, ಒಂದರೊಳಗೊಂದು ನಾಲ್ಕು ಕುಣಿಕೆ ಹೆಣೆದು ಬೆಸೆದೆ. ಉಳಿದ ಎಳೆಯನ್ನು ಒಳಗೆ ತುರುಕಿ, ಮೇಣದಬತ್ತಿಯ ಎರಡು ಹನಿ ಬಿಟ್ಟು ಒತ್ತಿದೆ. ಬೆಸುಗೆ ಎಲ್ಲಿದೆಯೆಂದೇ ತಿಳಿಯುತ್ತಿರಲಿಲ್ಲ. ಎಳೆದು ನೋಡಿದೆ, ಬಿಚ್ಚಲಿಲ್ಲ. ಬಿಚ್ಚೀತೆಂಬ ಹೆದರಿಕೆಯಿಂದ ಬಿಚ್ಚದಂತೆಯೇ ಎಳೆದೆ.

‘ಕುತ್ತಿಗಿಗಿ ಏನೂ ಹತ್ತಂಗಿಲ್ಲ ನೋಡು! ಹತ್ತಿ ಇಟ್ಟಂಗ ಐತಿ,’ ಎಂದು ಆಯಿ ಕೊರಳು ತಿರುಗಿಸಿ ತಿರುಗಿಸಿ ಹೇಳಿದಳು. ‘ನಿನ್ನ ಕೈಯಾಗೂ ಕಸುಬು ಐತಿ ಬಿಡಬೇ ಶಾಂತವ್ವಾ.’ ನಾಲ್ಕು ದಿನ ಓಣಿಯ ಪ್ರತಿ ಕಟ್ಟೆಯಲ್ಲೂ ಕೂತು ಸೆರಗು ಸರಿಸಿ ತೋರಿಸಿ ಬಂದಳು. ನಾನು ನಾಲ್ಕು ದಿನವೂ ಸೀತಮ್ಮನ ಬಾಗಿಲ ಮುಂದೆ ತಲೆ ತಗ್ಗಿಸಿ ಓಡಿದೆ.

ಐದನೆಯ ದಿನ ಸಂಜೆ ಬಚ್ಚಲಿನಿಂದ ಆಯಿಯ ಕೂಗು ಕೇಳಿತು. ಅದು ಕೂಗೂ ಅಲ್ಲ. ಹೆಸರೊಂದನ್ನು ಹಿಡಿದು ಮೇಲೆ ಬರಲು ನೋಡಿದ ಉಸಿರು. ಅವ್ವ, ನಾನು ಓಡಿದೆವು. ಆಯಿ ಎರಡೂ ಕೈಗಳಿಂದ ಎದೆ ತಡವುತ್ತಿದ್ದಳು. ಸೆರಗಿನ ಮಡಿಕೆಯಲ್ಲಿ ಸುರುಳಿ ಸುರುಳಿಯಾದ ದಾರವಿತ್ತು, ಹೊಸೆದ ಶಾವಿಗೆಯಂತೆ. ಕರಡಿಗೆ ಇರಲಿಲ್ಲ. ನೋಡಿದ ಕೂಡಲೇ ನನಗೆ ಏನಾಗಿದೆ ಎಂದು ಗೊತ್ತಾಯಿತು. ಆ ಸುರುಳಿಗಳನ್ನು ನಾನು ಎರಡು ತಿಂಗಳು ದಿನಾ ಸಂಜೆ ನನ್ನ ಕೈಯಿಂದಲೇ ಮಾಡಿದ್ದೆ.

ಕಂದೀಲು, ಬ್ಯಾಟರಿ ಹಿಡಿದು ಹುಡುಕಾಟ ಶುರುವಾಯಿತು. ‘ಬಚ್ಚಲಕ್ಕ ಬರೂಮುಂದ ಇದ್ದಂಗ ಇತ್ತು,’ ಎಂದು ಆಯಿ ಅಂದದ್ದೇ ತಡ, ಅಪ್ಪ ಅಂಗಿ ಬಿಚ್ಚಿ ಮೋರಿಗೆ ಕೈ ಹಾಕಿದ. ಹೊರಗಿನ ಗಟಾರದ ಕೆಸರನ್ನೆಲ್ಲ ಬುಟ್ಟಿಯಲ್ಲಿ ತುಂಬಿ ತೊಳೆದು ಸೋಸಿದರು. ಒಲೆಯ ಬೂದಿ ಜರಡಿ ಹಿಡಿದರು. ಹಾಸಿಗೆ ಕೊಡವಿದರು, ತಿಪ್ಪೆ ಕೆದರಿದರು, ಆಯಿ ಕೂತು ಬಂದ ಕಟ್ಟೆಗಳನ್ನೆಲ್ಲ ಗುಡಿಸಿದರು. ನಾನು ಎಲ್ಲರಿಗಿಂತ ಹೆಚ್ಚು ಹುಡುಕಿದೆ. ಸಿಕ್ಕರೆ ಯಾರೂ ದಾರದ ಕಡೆ ನೋಡಲಿಕ್ಕಿಲ್ಲ ಎಂಬುದು ನನ್ನ ಭಕ್ತಿ. ಆಯಿ ದೇವರ ಕೋಣೆಯ ಹೊಸ್ತಿಲ ಹೊರಗೆ ಗೋಡೆಗೆ ಬೆನ್ನು ಕೊಟ್ಟು ಕೂತಳು. ಆ ಸಂಜೆ ಊಟ ಮಾಡಲಿಲ್ಲ, ನೀರು ಮುಟ್ಟಲಿಲ್ಲ. ಮಾರನೆಯ ದಿನವೂ ಇಲ್ಲ.

ಅಪ್ಪ ಪಕ್ಕದ ಓಣಿಯ ಡಾಕ್ಟರನ್ನು ಕರೆತಂದ. ಸಲಾಯಿನ್ ಹಚ್ಚೋಣ ಎಂದರು ಅವರು.

‘ಅದೂ ನೀರ ಅಲ್ಲೇನ್ರಿ?’ ಎಂದಳು ಆಯಿ. ‘ಬಾಯಿಲೆ ಒಲ್ಲೆ ಅಂದಾಕಿ ತೋಳಿಲೆ ಕುಡೀಲೇನು?’

‘ಯವ್ವಾ, ಮಸ್ಕಿಂದ ಅಯ್ಯನೋರು ನಾಳೆ ಮುಂಜಾನೆ ಬರ್ತಾರ. ಹೊಸ ಲಿಂಗ ಕಟ್ತಾರ. ಅಲ್ಲೀಮಟ ಒಂದು ಗುಟುಕರ ಕುಡಿ,’ ಎಂದು ಅಪ್ಪ ಕಾಲ ಬಳಿ ಕೂತ. ಅಪ್ಪ ಯಾರ ಕಾಲ ಬಳಿಯೂ ಕೂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

‘ಬರ್ಲಿ. ನಾ ಇದ್ರ ಕಟ್ಟಿಸ್ಕೋತೀನಿ. ಇಲ್ಲಾಂದ್ರ ಅವ್ರಿಗಿ ಬ್ಯಾರೆ ಕೆಲಸ ಇದ್ದ ಇರತೈತಿ.’

ಆಕೆಯ ತುಟಿ ಒಣಗಿ ಬಿಳಿ ಪೊರೆ ಕಟ್ಟಿತ್ತು. ನಾನು ಕಂಬದ ಹಿಂದೆ ನಿಂತು ಎಣಿಸುತ್ತಿದ್ದೆ: ಈಗ ಹೇಳಿಬಿಡುತ್ತೇನೆ, ಅಪ್ಪ ಎದ್ದ ಮೇಲೆ ಹೇಳುತ್ತೇನೆ, ಡಾಕ್ಟರು ಹೋದ ಮೇಲೆ. ಹೇಳುವುದಕ್ಕೆ ಬೇಕಾಗಿದ್ದದ್ದು ಒಂದೇ ವಾಕ್ಯ. ಅದನ್ನು ಬಾಯೊಳಗೆ ಎಷ್ಟು ಸಲ ತಿರುವಿದೆನೆಂದರೆ ಮಾತುಗಳ ಅರ್ಥವೇ ಸವೆದುಹೋಯಿತು.

ಅಷ್ಟರಲ್ಲಿ ಅತ್ತಿ, ನನ್ನ ಸೋದರತ್ತೆ, ಬಂದಳು, ಲಿಂಗಸುಗೂರಿನ ಬಸ್ಸಿಳಿದು ನೇರವಾಗಿ. ತಾಯಿಯನ್ನು ತಬ್ಬಿ ಅತ್ತು, ಮೂಗು ಒರೆಸಿಕೊಂಡು, ಗೋಡೆಯ ಗೂಡಿನಲ್ಲಿಟ್ಟಿದ್ದ ಸುರುಳಿ ದಾರವನ್ನು ತೆಗೆದು ಬೆಳಕಿಗೆ ಹಿಡಿದಳು.

‘ಇದೇನು ನಮ್ಮ ಕಡೇ ದಾರ ಅಲ್ಲ. ಎಲ್ಲಿಂದ ಬಂತಿದು?’

ಅವ್ವ ಒಲೆಯ ಕಡೆಗೆ ತಿರುಗಿದಳು. ಅತ್ತಿಯ ಕಣ್ಣು ಪಡಸಾಲೆ ದಾಟಿ ಬೀದಿಬದಿಯ ಖೋಲಿಯ ಗೋಡೆಗೆ ಹೋಗಿ ನಿಂತಿತು. ‘ಹಂಗ ಅನ್ರ್ಯಲ್ಲ ಮತ್ತ! ಕ್ಯಾಂಪಿನಾಕಿ ದಾರ ತಂದು ನಮ್ಮವ್ವನ ಕೊರಳಿಗಿ ಹಾಕೀರಿ, ಲಿಂಗ ನಿಂದ್ರತೈತೇನು?’

ಸೀತಮ್ಮನನ್ನು ಕರೆಸಿದರು. ಆಕೆ ಪಡಸಾಲೆಯ ಅಂಚಿಗೆ ಬಂದು ನಿಂತಳು. ಅತ್ತಿ ದಾರವನ್ನು ಕೈಗೆ ಕೈ ತಾಗದಂತೆ ಮೇಲಿನಿಂದ ಬಿಟ್ಟಳು. ಸೀತಮ್ಮ ಅದರ ತುದಿ ಹುಡುಕಿ, ಬೆರಳಲ್ಲಿ ಹಿಡಿದು, ಉಗುರಿನಿಂದ ಮೇಣದ ಚೂರನ್ನು ಕೆರೆದಳು. ಆಮೇಲೆ ತಲೆಯೆತ್ತಿ ಕಂಬದ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ನಾನು ಬಹುಶಃ ಬಾಯಿ ಬಿಡುತ್ತಿದ್ದೆ. ಸಿಟ್ಟಿರಲಿಲ್ಲ. ತಪ್ಪಾಗಿ ಹೊರಳಿಸಿದಾಗ ನನ್ನ ಹೆಣಿಗೆಯನ್ನು ನೋಡುತ್ತಿದ್ದಂತೆ ನೋಡಿದಳು, ಎಲ್ಲಿಂದ ಬಿಚ್ಚಬೇಕು ಎಂದು.

‘ದಾರ ನಂದು. ಕಲಿಸಿದ್ದು ನಾನು. ಮುಡಿ ಮಾತ್ರ ನಾನು ಹೇಳಿಕೊಟ್ಟಿರಲಿಲ್ಲ,’ ಎಂದಳು. ‘ತಪ್ಪು ನಂದೇ ಅಮ್ಮಾ.’

‘ಕೇಳಿದ್ಯಾ?’ ಎಂದು ಅತ್ತಿ ಅಪ್ಪನ ಕಡೆ ತಿರುಗಿದಳು.

ಅಪ್ಪ ನೆಲ ನೋಡುತ್ತ, ‘ಖೋಲಿ ಖಾಲಿ ಮಾಡ್ರಿ. ನಾಳಿಗಿ,’ ಎಂದ.

‘ಆಯ್ತು ಸಾವ್ಕಾರ್ರೇ,’ ಎಂದಳು ಸೀತಮ್ಮ. ದಾರವನ್ನು ಪಡಸಾಲೆಯ ಅಂಚಿನಲ್ಲೇ ಇಟ್ಟು ಹೋದಳು. ಆ ದಿನ ನಾನು ಎರಡು ಸಲ ಅವಳ ಬಾಗಿಲ ತನಕ ಹೋದೆ. ಒಳಗೆ ಪಾತ್ರೆ ಕಟ್ಟುವ ಸದ್ದು ಕೇಳಿ ಎರಡೂ ಸಲ ಮರಳಿದೆ.

ಮೂರನೆಯ ದಿನ ಬೆಳಿಗ್ಗೆ ಅವ್ವನಿಗೆ ಅಡುಗೆಯ ಚಿಂತೆ. ಅಯ್ಯನವರು ಲಿಂಗ ಕಟ್ಟಿದ ಮೇಲೆ ಇಲ್ಲೇ ಪ್ರಸಾದ ಮಾಡುವರು. ಮಸ್ಕಿಯವರ ಎಲೆಗೆ ಅನ್ನವೊಂದನ್ನೇ ಬಡಿಸುವುದು ಹೇಗೆ? ರೊಟ್ಟಿಯಾಗಬೇಕು. ಆಯಿ ಉಪವಾಸ ಕೂತಾಗಿನಿಂದ ಮನೆಯಲ್ಲಿ ರೊಟ್ಟಿಯೇ ಇರಲಿಲ್ಲ; ಗುಮ್ಮಿಯ ಮುಚ್ಚಳವನ್ನು ಯಾರೂ ಮುಟ್ಟಿರಲಿಲ್ಲ. ಹೊಸ್ತಿಲ ಬಳಿ ಕೂತ ಆಯಿಯ ಕಡೆ ಅವ್ವ ಒಮ್ಮೆ ನೋಡಿ, ಅಪ್ಪಣೆ ಕೇಳುವ ಸ್ಥಿತಿಯಲ್ಲಿ ಆಕೆಯಿಲ್ಲವೆಂದು ತಾನೇ ಮುಚ್ಚಳ ಸರಿಸಿ, ಬಗ್ಗಿ, ಸೇರು ಇಳಿಸಿದಳು. ಜೋಳದೊಳಗೆ ಸೇರಿಗೆ ಏನೋ ಠಣ್ಣೆಂದು ತಾಗಿತು.

‘ಅತ್ತೀ!’

ಅವ್ವ ತನ್ನ ಅತ್ತೆಯನ್ನು ಅಷ್ಟು ಜೋರಾಗಿ, ಅಷ್ಟು ಆಸೆಯಿಂದ ಕರೆದದ್ದು ಅದೊಂದೇ ಸಲ. ಕರಡಿಗೆ ಮುಚ್ಚಿದಂತೆಯೇ ಇತ್ತು. ಆ ಸಂಜೆ ಜೋಳ ಮೊಗೆಯಲೆಂದು ಆಯಿ ಬಗ್ಗಿದಾಗ ಬೆಸುಗೆ ಬಿಚ್ಚಿ ಒಳಗೆ ಜಾರಿತ್ತು; ಆಯಿಯೇ ಮೇಲೆ ಮುಚ್ಚಳ ಹಾಕಿ, ದಾರವನ್ನಷ್ಟೇ ಹೊತ್ತು ಬಚ್ಚಲಿಗೆ ಹೋಗಿದ್ದಳು. ಆಕೆ ಕರಡಿಗೆ ತೆರೆದು, ಅರಿವೆ ಬಿಚ್ಚಿ, ಲಿಂಗವನ್ನು ಕಣ್ಣಿಗೊತ್ತಿಕೊಂಡಳು. ಒಣಗಿದ ಮೈಯಲ್ಲಿ ಎಲ್ಲಿತ್ತೋ, ಕಣ್ಣಲ್ಲಿ ನೀರು ಬಂತು. ಒಂಬತ್ತರ ಬಸ್ಸಿಗೆ ಅಯ್ಯನವರು ಬಂದರು. ಹಾಲಿನಲ್ಲಿ ತೊಳೆದು, ಪೂಜೆ ಮಾಡಿ, ತಾವು ತಂದಿದ್ದ ಹಳೆಯ ರೀತಿಯ ಗಂಟಿನ ಶಿವದಾರ ಪೋಣಿಸಿ ಕೊರಳಿಗೆ ಕಟ್ಟಿದರು. ಆಯಿ ಮೂರು ಗುಟುಕು ನೀರು ಕುಡಿದಳು. ಅಪ್ಪ ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದ.

ಎಲ್ಲರೂ ಅಯ್ಯನವರ ಸುತ್ತ ಇದ್ದಾಗ ಆಯಿ ನನ್ನನ್ನು ಸನ್ನೆ ಮಾಡಿ ಕರೆದಳು. ದನಿ ಇನ್ನೂ ಗಂಟಲಿನಿಂದ ಮೇಲೆ ಬರುತ್ತಿರಲಿಲ್ಲ. ಮಡಿಲಿನಿಂದ ಆ ಸುರುಳಿ ದಾರ ತೆಗೆದು ನನ್ನ ಕೈಯಲ್ಲಿಟ್ಟಳು.

‘ಕೊನೀಗಿ ಗಂಟು ಹಾಕೂದು ಕಲ್ತು ಬಾ, ಹೋಗು. ಟ್ರ್ಯಾಕ್ಟರ್ ಇನ್ನೂ ನಿಂತೈತಿ.’

‘ಆಯಿ... ಸೀತಮ್ಮಕ್ಕ ಹೋಗೂದು ಬ್ಯಾಡ ಅನ್ನು. ಅಪ್ಪಗ ಹೇಳು. ನೀ ಹೇಳಿದ್ರ ಕೇಳ್ತಾನ.’

ಆಯಿ ಹೊಸ ಶಿವದಾರದ ಗಂಟನ್ನು ಕೊರಳಿನಿಂದ ತುಸು ಸರಿಸಿಕೊಂಡಳು. ‘ಅಂದಿದ್ದು ಅಂದಾನ. ಮಂದಿ ಮುಂದ ಅಂದ ಮಾತು ಹೊಳ್ಳಿ ನುಂಗಾಕ ಬರತೈತೇನಬೇ? ನೀ ಹೋಗು, ಕಲ್ತು ಬಾ.’

ಬೀದಿಯಲ್ಲಿ ಗೊರೇಬಾಳದಿಂದ ಬಂದ ಟ್ರ್ಯಾಕ್ಟರು. ಟ್ರಾಲಿಯಲ್ಲಿ ಮಂಚ, ಅಕ್ಕಿಯ ಡಬ್ಬಿ, ಟ್ರಂಕು. ಸೀತಮ್ಮನ ಗಂಡ ಹಗ್ಗ ಬಿಗಿಯುತ್ತಿದ್ದ. ಅಪ್ಪ ಖೋಲಿಯ ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದ. ನಾನು ದಾರ ಚಾಚಿದೆ. ಸೀತಮ್ಮ ಸೊಂಟದಿಂದ ಕಡ್ಡಿ ತೆಗೆದು, ನಿಂತಲ್ಲೇ ಹತ್ತು ಕುಣಿಕೆ ಹೆಣೆದಳು. ಆಮೇಲೆ ಹಲ್ಲಿನಿಂದ ದಾರ ಕಡಿದು, ತುಂಡಾದ ತುದಿಯನ್ನು ಕೊನೆಯ ಕುಣಿಕೆಯೊಳಗಿಂದ ಪೂರ್ತಿ ಹೊರಗೆ ಎಳೆದು, ಒಮ್ಮೆ ಬಿಗಿದಳು.

‘ಇಷ್ಟೇ ಅಮ್ಮಾಯಿ,’ ಎಂದಳು.

ಒಂದು ಸಲ ಉಸಿರು ಎಳೆದು ಬಿಡುವಷ್ಟು ಹೊತ್ತೂ ಹಿಡಿಯಲಿಲ್ಲ. ಅದನ್ನು ನನ್ನ ಅಂಗೈಯಲ್ಲಿಟ್ಟು, ಬೆರಳು ಮಡಚಿ, ಆಕೆ ಟ್ರಾಲಿ ಹತ್ತಿದಳು.

ಅಪ್ಪನ ಬಳಿಗೆ ಹೇಗೆ ಹೋದೆನೋ. ಮೂರು ದಿನ ಬಾಯೊಳಗೆ ಸವೆಸಿದ ವಾಕ್ಯ ಹೊರಬರುವಾಗ ತುಂಡು ತುಂಡಾಗಿ ಬಂತು. ‘ಅಪ್ಪಾ... ಆಕಿ ಹಾಕಿಕೊಡ್ತೀನಿ ಅಂದಿದ್ಲು. ನಾನ ಒಯ್ದಿದ್ದಿಲ್ಲ. ಗಂಟು ಹಾಕದ ಹಂಗ ಕೊಟ್ಟೆ. ಆಕೀದು ತಪ್ಪಿಲ್ಲ, ನಂದು.’

ಅಪ್ಪ ಬಾಗಿಲು ಎಳೆದು ಬೀಗ ಹಾಕಿದ.

‘ಗೊತ್ತೈತಿ,’ ಎಂದ.

‘ಗೊತ್ತೈತಿ?’

‘ಎಲ್ಲಾರಿಗೂ ಗೊತ್ತೈತಿ. ಮನ್ಯಾಗಿನ ಹುಡುಗಿ ಮ್ಯಾಲೆ ಹಾಕಾಕ ಬರತೈತೇನು? ಮುಂದ ಮದುವಿ ಮುಂಜಿಗಿ ಇದ ಮಾತು ಬರತೈತಿ. ಯಾರರ ಒಬ್ರ ಮ್ಯಾಲೆ ಹಾಕಬೇಕಿತ್ತು.’ ಬೀಗವನ್ನು ಒಮ್ಮೆ ಜಗ್ಗಿ ನೋಡಿದ. ‘ಒಳಗ ನಡಿ. ಬಿಸಲೈತಿ.’

ಟ್ರ್ಯಾಕ್ಟರು ಹೊರಟಿತು. ಸೀತಮ್ಮ ಟ್ರಂಕಿನ ಮೇಲೆ ನಮ್ಮ ಕಡೆ ಬೆನ್ನು ಮಾಡಿ ಕೂತಿದ್ದಳು. ಓಡಿಹೋಗಿ ಏನಾದರೂ ಕೂಗಬಹುದಿತ್ತು. ಓಣಿಯ ತಿರುವಿನಲ್ಲಿ ಅದು ಎಮ್ಮೆಗಳಿಗಾಗಿ ನಿಂತಿತು ಕೂಡ. ಬಿಸಿಲು ನಿಜವಾಗಿಯೂ ಜೋರಾಗಿತ್ತು. ಒಳಗೆ ಹೋದೆ. ಅವ್ವ ಬಿಸಿ ರೊಟ್ಟಿ ಬಡಿಯುತ್ತಿದ್ದಳು, ಪುಂಡಿಪಲ್ಯದ ವಾಸನೆ ಮನೆ ತುಂಬಿತ್ತು. ಅಯ್ಯನವರದಾದ ಮೇಲೆ ನನ್ನ ತಾಟಿಗೂ ಒಂದು ಬಿತ್ತು. ಇನ್ನೊಂದು ಬೇಕೇನು ಎಂದು ಅವ್ವ ಕೇಳಿದಳು. ಹಸಿವಾಗಿತ್ತು. ಹಾಕು ಎಂದೆ.